ಹಿತ್ತಿಲಿಗೆ ಸೇಬು ಬರುವ ಮುನ್ನ: ರೋಗನಿರೋಧಕ ತಳಿಯ ಕುರಿತು ಒಂದು ವಿಚಾರ

ಕನ್ನಡ ಪಂಡಿತನಾದವನು ಸ್ಮರಣ ಸಂಚಿಕೆಗೆ ಲೇಖನ ಬರೆಯುವಾಗ ಛಂದಸ್ಸನ್ನೋ ಅಲಂಕಾರವನ್ನೋ ಹಳೆಗನ್ನಡ ಕಾವ್ಯದ ಒಂದು ಪ್ರಸಂಗವನ್ನೋ ಆರಿಸಿಕೊಳ್ಳುವುದು ರೂಢಿ. ಆ ರೂಢಿಯನ್ನು ಬಿಟ್ಟು ಈ ಸಲ ನಾನು ಒಂದು ಹಣ್ಣಿನ ಗಿಡದ ಮಾತನ್ನು ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣವಿದೆ. ನಮ್ಮ ವಿದ್ಯಾಲಯದ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಆದ ಕೆಲವು ಮಹನೀಯರು, ಸ್ಮಾರಕಕಾರ್ಯವಾಗಿ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮನೆಮನೆಗೆ ರೋಗನಿರೋಧಕ ತಳಿಯ ಸೇಬಿನ ಸಸಿಗಳನ್ನು ಹಂಚಬೇಕೆಂದು ಸೂಚಿಸಿದ್ದಾರೆ. ಬಿಸಿ ಪ್ರದೇಶದಲ್ಲಿಯೂ ಫಲ ಕೊಡುವ, ರೋಗ ತಾಗದ ಸೇಬು ಈಗ ದೊರೆಯುತ್ತದೆಂದೂ, ಹಿತ್ತಿಲಿಗೊಂದು ಗಿಡವಿದ್ದರೆ ಮಕ್ಕಳಿಗೆ ಹಣ್ಣೂ ಆಯಿತು, ಶಾಲೆಯ ನೆನಪೂ ಉಳಿಯಿತು ಎಂದೂ ಅವರ ಆಶಯ. ಆಶಯ ಉದಾರವಾದುದು, ಕೊಡುವ ಕೈ ದೊಡ್ಡದು. ಆದರೆ ದಾನಕ್ಕೂ ದೇಶ, ಕಾಲ, ಪಾತ್ರಗಳೆಂಬ ಮೂರು ಕಟ್ಟುಗಳನ್ನು ಹಿರಿಯರು ಹೇಳಿದ್ದಾರೆ. ಸಸಿಯ ದಾನಕ್ಕಂತೂ ಈ ಮೂರೂ ಅಕ್ಷರಶಃ ಅನ್ವಯಿಸುತ್ತವೆ. ಆದುದರಿಂದ ಈ ಸೂಚನೆಯನ್ನು ವಿನಯಪೂರ್ವಕವಾಗಿ ಪರೀಕ್ಷಿಸಿ, ಅದೇ ಹಣದಿಂದ ಇನ್ನೂ ಹೆಚ್ಚಿನ ಫಲ ದೊರೆಯುವ ದಾರಿಯೊಂದನ್ನು ಓದುಗರ ಮುಂದಿಡಬೇಕೆಂಬುದು ನನ್ನ ಉದ್ದೇಶ.

ಮೊದಲು ಶಬ್ದದ ವಿಚಾರ. ಅದು ನನ್ನ ವೃತ್ತಿಗೆ ಸೇರಿದ್ದು. ಸಸಿ ಮಾರುವವರ ಫಲಕಗಳಲ್ಲಿ ‘ರೋಗನಿರೋಧಕ’ ಎಂಬ ಪದವನ್ನು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಯಾವ ರೋಗಕ್ಕೆ ನಿರೋಧಕ ಎಂಬುದನ್ನು ಮಾತ್ರ ಬರೆದಿರುವುದಿಲ್ಲ. ‘ನಿರೋಧ’ವೆಂದರೆ ತಡೆ. ತಡೆಯೆಂದ ಮೇಲೆ ತಡೆಯಲ್ಪಡುವ ವಸ್ತು ಯಾವುದೆಂಬ ಆಕಾಂಕ್ಷೆ ಹುಟ್ಟಲೇಬೇಕು. ಕರ್ಮಪದವಿಲ್ಲದ ಸಕರ್ಮಕ ಕ್ರಿಯೆಯಂತೆ ಆ ವಾಕ್ಯ ಅಪೂರ್ಣ. ಸರ್ವರೋಗಗಳನ್ನೂ ತಡೆಯುವ ಗಿಡ ಭೂಮಿಯ ಮೇಲೆ ಇಲ್ಲ. ಒಂದು ತಳಿ ಒಂದು ರೋಗವನ್ನು ತಡೆಯುತ್ತದೆ, ಇನ್ನೊಂದಕ್ಕೆ ಬಾಗುತ್ತದೆ.

ಇಷ್ಟೇ ಅಲ್ಲ, ಗಿಡ ರೋಗದಿಂದ ಉಳಿಯುವ ರೀತಿಗಳೂ ಮೂರು ಬಗೆ. ರೋಗಾಣು ಒಳಹೊಕ್ಕರೂ ಬೆಳೆಯದಂತೆ ತಡೆಯುವುದು ‘ನಿರೋಧ’. ರೋಗಾಣು ಬೆಳೆದರೂ ಗಿಡ ಕುಗ್ಗದೆ ಫಲ ಕೊಡುವುದು ‘ಸಹನೆ’. ರೋಗವೋ ಕೀಟವೋ ಬರುವ ಹೊತ್ತಿಗೆ ತನ್ನ ಎಳೆಯ ಅವಸ್ಥೆಯನ್ನು ದಾಟಿರುವುದು ಅಥವಾ ಇನ್ನೂ ತಲುಪದಿರುವುದು ‘ತಪ್ಪಿಸಿಕೊಳ್ಳುವಿಕೆ’. ನಮ್ಮ ಕರಾವಳಿಯ ಗೇರಿನಲ್ಲಿ ಈ ಮೂರನೆಯದರ ಒಳ್ಳೆಯ ನಿದರ್ಶನವಿದೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಬಿಡುಗಡೆ ಮಾಡಿದ ‘ಭಾಸ್ಕರ’ ತಳಿ, ಟೀ ಸೊಳ್ಳೆಯ ಹಾವಳಿ ಮಿತವಾಗಿರುವ ವರ್ಷಗಳಲ್ಲಿ ತನ್ನ ಹೂ ಬಿಡುವ ಕಾಲದ ಬಲದಿಂದಲೇ ಆ ಕೀಟದ ಪೆಟ್ಟನ್ನು ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಆ ಗೇರನ್ನು ‘ಕೀಟನಿರೋಧಕ’ವೆಂದು ಕರೆದರೆ ಶಬ್ದಾಪಚಾರ ಮಾತ್ರವಲ್ಲ, ಬೆಳೆಗಾರನಿಗೆ ಮೋಸವೂ ಆಗುತ್ತದೆ, ಏಕೆಂದರೆ ಹೂ ಬಿಡುವ ಕಾಲ ಹವೆಯೊಡನೆ ವ್ಯತ್ಯಾಸವಾದರೆ ಆ ರಕ್ಷಣೆಯೂ ಸಡಿಲವಾಗುತ್ತದೆ. ನಿರೋಧ, ಸಹನೆ, ತಪ್ಪಿಸಿಕೊಳ್ಳುವಿಕೆ ಎಂಬ ಈ ಮೂರು ಮಾತುಗಳನ್ನು ಬೇರ್ಪಡಿಸಿ ನೋಡಬಲ್ಲವನಿಗೆ ಸಸಿಯಂಗಡಿಯ ಫಲಕ ಅರ್ಧ ಅರ್ಥವಾದಂತೆ.

ಈಗ ಸೇಬಿನ ಮಾತಿಗೆ ಬರೋಣ. ಸೇಬನ್ನು ಬೆಳೆಯುವ ತಂಪುನಾಡುಗಳಲ್ಲಿ ಅದರ ಮಹಾಶತ್ರು ಕಜ್ಜಿ ರೋಗ. ವೆಂಚುರಿಯಾ ಎಂಬ ಶಿಲೀಂಧ್ರದಿಂದ ಬರುವ ಈ ರೋಗ, ವಸಂತದಲ್ಲಿ ಎಲೆ ಚಿಗುರುವಾಗ ತಂಪೂ ತೇವವೂ ಕೂಡಿದರೆ ಎಲೆ, ಕಾಯಿಗಳ ಮೇಲೆ ಕಪ್ಪು ಚುಕ್ಕೆಗಳಾಗಿ ಹರಡುತ್ತದೆ. ಕಾಯಿ ಸೀಳುತ್ತದೆ, ಎಲೆ ಉದುರುತ್ತದೆ. ೧೯೭೩ರಲ್ಲಿ ಕಾಶ್ಮೀರದ ತೋಟಗಳಲ್ಲಿ ಇದು ಮಾರಿಯಂತೆ ಹರಡಿ ಬೆಳೆಗಾರರನ್ನು ಕಂಗೆಡಿಸಿತು. ಒಂದು ಋತುವಿನಲ್ಲಿ ಮತ್ತೆ ಮತ್ತೆ ಔಷಧ ಸಿಂಪಡಿಸಬೇಕಾದ ಈ ಕಷ್ಟದಿಂದ ಪಾರಾಗಲು ಪಾಶ್ಚಾತ್ಯ ವಿಜ್ಞಾನಿಗಳು ನಿರೋಧಕ ತಳಿಯನ್ನು ಹುಡುಕಿದರು. ಆ ಹುಡುಕಾಟದ ಚರಿತ್ರೆ ನಮ್ಮ ಮಕ್ಕಳಿಗೆ ಪಾಠವಾಗಿ ಹೇಳತಕ್ಕದ್ದು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರ್ಯಾಂಡಲ್ ಎಂಬ ವಿದ್ವಾಂಸರು ೧೯೧೪ರಲ್ಲಿ ‘ರೋಮ್ ಬ್ಯೂಟಿ’ ಎಂಬ ಸೇಬಿನೊಡನೆ, ಗೋಲಿಯಷ್ಟು ಸಣ್ಣ ಕಾಯಿ ಬಿಡುವ, ಹೂವಿನ ಅಂದಕ್ಕಾಗಿ ಮಾತ್ರ ಬೆಳೆಸುತ್ತಿದ್ದ ಫ್ಲೋರಿಬಂಡಾ ಎಂಬ ಜಾತಿಯ ೮೨೧ನೆಯ ಸಂಖ್ಯೆಯ ಮರವನ್ನು ಸಂಕರಗೊಳಿಸಿದರು. ಆ ಸಂತತಿಯ ಕೆಲವು ಗಿಡಗಳಿಗೆ ಕಜ್ಜಿ ತಾಗುವುದಿಲ್ಲವೆಂಬುದು ದಶಕಗಳ ಅನಂತರ ಬೆಳಕಿಗೆ ಬಂತು. ೧೯೪೫ರಿಂದ ಮೂರು ವಿಶ್ವವಿದ್ಯಾಲಯಗಳು ಕೂಡಿ ಆ ಗುಣವನ್ನು ತಿನ್ನುವ ಸೇಬಿಗೆ ತರುವ ಕೆಲಸ ಕೈಗೊಂಡವು. ಅದರ ಫಲವಾಗಿ ‘ಪ್ರೀಮಾ’ ಎಂಬ ತಳಿ ೧೯೭೦ರಲ್ಲಿ ಹೊರಬಂತು. ನ್ಯೂಯಾರ್ಕಿನ ಸಂಶೋಧನಾಲಯದಿಂದ ‘ಲಿಬರ್ಟಿ’ ಎಂಬುದು ೧೯೭೮ರಲ್ಲಿ ಬಂತು. ಒಂದು ಸಂಕರದಿಂದ ಒಂದು ತಳಿಗೆ ಐವತ್ತಾರು ವರ್ಷ! ಮರದ ಕೆಲಸದಲ್ಲಿ ಅವಸರ ಸಲ್ಲದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಕನ್ನಡಿಗರಿಗೆ ಇಲ್ಲಿ ಒಂದು ಸ್ವಾರಸ್ಯವಿದೆ. ಆ ಸಂಕರದ ಒಂದು ಪಾಲಿನ ‘ರೋಮ್ ಬ್ಯೂಟಿ’ ನಮಗೆ ತೀರ ಅಪರಿಚಿತವಲ್ಲ. ಕಳೆದ ಶತಮಾನದಲ್ಲಿ ಬೆಂಗಳೂರಿನ ಸುತ್ತಮುತ್ತ ಇದೇ ತಳಿಯ ಸೇಬನ್ನು ಬೆಳೆಯುತ್ತಿದ್ದರು. ಊರು ಬೆಳೆದು ತೋಟಗಳು ನಿವೇಶನಗಳಾದ ಮೇಲೆ ಆ ಸೇಬು ಹಳಬರ ಮಾತಿನಲ್ಲಿ ಮಾತ್ರ ಉಳಿಯಿತು. ಆದುದರಿಂದ ‘ಕರ್ನಾಟಕದಲ್ಲಿ ಸೇಬೇ?’ ಎಂದು ಮೂಗಿನ ಮೇಲೆ ಬೆರಳಿಡುವುದು ಸರಿಯಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೩೦೦೦ ಅಡಿ ಎತ್ತರದಲ್ಲಿದೆಯೆಂಬುದನ್ನು ಮಾತ್ರ ಮರೆಯಬಾರದು. ಜಾವಾ ದ್ವೀಪದ ಬಾಟು ಎಂಬಲ್ಲಿಯೂ ಇದೇ ರೋಮ್ ಬ್ಯೂಟಿಯನ್ನು ಬೆಳೆಯುತ್ತಾರೆ. ಅಲ್ಲಿ ಚಳಿಯಿಲ್ಲದ ಕಾರಣ ಮರ ತಾನಾಗಿ ನಿದ್ರೆಗೆ ಹೋಗುವುದಿಲ್ಲ. ಕೊಯ್ಲಾದ ಮೇಲೆ ಕೈಯಿಂದ ಎಲೆಗಳನ್ನೆಲ್ಲ ಕಿತ್ತು ಅದನ್ನು ಹೊಸ ಚಿಗುರಿಗೂ ಹೂವಿಗೂ ಎಬ್ಬಿಸುತ್ತಾರೆ. ಆದರೆ ಬಾಟು ಕೂಡ ಬೆಟ್ಟದ ಮೇಲಿನ ಊರು.

ಕಜ್ಜಿನಿರೋಧದ ಕಥೆಗೆ ಒಂದು ಉತ್ತರಾರ್ಧವಿದೆ. ಸಸಿ ಮಾರುವವರು ಅದನ್ನು ಹೇಳುವುದಿಲ್ಲ. ಫ್ಲೋರಿಬಂಡಾದಿಂದ ಬಂದ ಆ ಗುಣ ಮುಖ್ಯವಾಗಿ ಒಂದೇ ಒಂದು ವಂಶವಾಹಿಯ ಆಧಾರದ ಮೇಲೆ ನಿಂತಿತ್ತು. ಒಂದೇ ಅಗುಳಿಯ ಬಾಗಿಲನ್ನು ಕಳ್ಳ ಒಂದಲ್ಲ ಒಂದು ದಿನ ತೆಗೆಯುತ್ತಾನೆ. ೧೯೯೩ರ ವೇಳೆಗೆ ಜರ್ಮನಿಯ ತೋಟವೊಂದರಲ್ಲಿ ಈ ನಿರೋಧವನ್ನು ಮುರಿದ ಕಜ್ಜಿಯ ಹೊಸ ಪಂಗಡ ಕಂಡುಬಂದುದನ್ನು ವಿಜ್ಞಾನಿಗಳು ಪ್ರಕಟಿಸಿದರು. ಅಂದಿನಿಂದ ಒಂದೇ ಗುಣದ ಮೇಲೆ ಭಾರ ಹಾಕದೆ, ಬೇರೆ ಬೇರೆ ಮೂಲದ ಹಲವು ಗುಣಗಳನ್ನು ಒಂದೇ ಮರದಲ್ಲಿ ಕೂಡಿಸುವ ಪ್ರಯತ್ನ ನಡೆದಿದೆ. ಇದರಿಂದ ತಿಳಿಯತಕ್ಕದ್ದೇನು? ನಿರೋಧಶಕ್ತಿ ಶಾಶ್ವತವಾದ ವರವಲ್ಲ; ಗಿಡಕ್ಕೂ ರೋಗಕ್ಕೂ ನಡೆಯುವ ದೀರ್ಘ ವ್ಯಾಜ್ಯದಲ್ಲಿ ಗಿಡದ ಪರವಾಗಿ ಸದ್ಯಕ್ಕೆ ಬಂದ ಒಂದು ತೀರ್ಪು ಮಾತ್ರ. ಮೇಲ್ಮನವಿಗೆ ಅವಕಾಶ ಸದಾ ಇದ್ದೇ ಇದೆ.

ನಮ್ಮ ದಾನಿಗಳು ಸೂಚಿಸಿರುವ ಸಸಿ, ನನಗೆ ತಿಳಿಸಿರುವಂತೆ, ಎಚ್.ಆರ್.ಎಂ.ಎನ್.-೯೯ ಎಂಬ ತಳಿಯದು. ಹಿಮಾಚಲ ಪ್ರದೇಶದ ಬಿಲಾಸಪುರ ಜಿಲ್ಲೆಯ ಪನಿಯಾಲಾ ಎಂಬ ಹಳ್ಳಿಯ ಕೃಷಿಕರಾದ ಶ್ರೀ ಹರಿಮನ್ ಶರ್ಮರು ಇದರ ಪ್ರವರ್ತಕರು. ಅವರ ಊರು ಸುಮಾರು ೧೮೦೦ ಅಡಿ ಎತ್ತರದಲ್ಲಿದೆ. ಹಿಮಾಚಲದವರು ಅದನ್ನು ಸೇಬಿನ ಸೀಮೆಯೆಂದು ಎಣಿಸುತ್ತಿರಲಿಲ್ಲ. ಮನೆಯ ಬಳಿ ಎಸೆದ ಸೇಬಿನ ಬೀಜಗಳಿಂದ ಹುಟ್ಟಿದ ಒಂದು ಸಸಿ ಬದುಕಿ ಬೆಳೆದುದನ್ನು ಅವರು ಗಮನಿಸಿದರು, ಕಾಪಾಡಿದರು. ಅದು ಕಾಯಿ ಬಿಟ್ಟಾಗ ಅದರ ಕುಡಿಗಳನ್ನು ಪ್ಲಮ್ ಗಿಡದ ಮೇಲೆ ಕಸಿ ಮಾಡಿ ಹೆಚ್ಚಿಸಿದರು. ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನದವರು ಆ ತಳಿಯನ್ನು ದೇಶದ ಅನೇಕ ರಾಜ್ಯಗಳಲ್ಲಿ ಪ್ರಯೋಗಕ್ಕೆ ಕೊಟ್ಟರು. ಕರ್ನಾಟಕಕ್ಕೂ ಅದು ಬಂದಿದೆ. ೨೦೨೫ರಲ್ಲಿ ಶರ್ಮರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಪದವಿಯಿಲ್ಲದೆ, ಪ್ರಯೋಗಾಲಯವಿಲ್ಲದೆ, ಬರಿಯ ಕಣ್ಣಿನಿಂದಲೂ ತಾಳ್ಮೆಯಿಂದಲೂ ಇಷ್ಟನ್ನು ಸಾಧಿಸಿದ ಆ ಕೃಷಿಕರಿಗೆ ನನ್ನ ಗೌರವ ಪೂರ್ಣವಾಗಿ ಸಲ್ಲುತ್ತದೆ.

ಈ ತಳಿಗೆ ಕಜ್ಜಿಯನ್ನು ಸಹಿಸುವ ಶಕ್ತಿಯುಂಟೆಂದು ಹೇಳುತ್ತಾರೆ. ಇರಲಿ. ಆದರೆ ಆ ಗುಣ ನನ್ನ ಊರಾದ ಹಂಗಾರಕಟ್ಟೆಯಲ್ಲಿ ಯಾವ ಉಪಯೋಗಕ್ಕೆ ಬಂದೀತು? ಸೀತಾ, ಸುವರ್ಣಾ ನದಿಗಳು ಕೂಡಿ ಕೋಡಿಬೆಂಗ್ರೆಯ ಬಳಿ ಕಡಲನ್ನು ಸೇರುವ ಅಳಿವೆಯ ದಡದಲ್ಲಿ ನಮ್ಮೂರಿದೆ. ಸಮುದ್ರಮಟ್ಟದ ನೆಲ, ಮರಳು ಬೆರೆತ ಮಣ್ಣು, ಬೇಸಗೆಯಲ್ಲಿ ಎಷ್ಟೋ ಬಾವಿಗಳಿಗೆ ಉಪ್ಪಿನ ರುಚಿ. ಈ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ. ಅದರ ಬಹುಪಾಲು ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಸಾಮಾನ್ಯ ಸೇಬಿನ ತಳಿಗಳಿಗೆ ಚಳಿಗಾಲದಲ್ಲಿ ೭ ಡಿಗ್ರಿಗಿಂತ ಕೆಳಗಿನ ಶೈತ್ಯ ೮೦೦ರಿಂದ ೧೨೦೦ ಗಂಟೆಗಳಷ್ಟು ಬೇಕು. ಇಸ್ರೇಲಿನ ‘ಅನ್ನಾ’, ಬಹಾಮಾ ದ್ವೀಪಗಳ ‘ಡಾರ್ಸೆಟ್ ಗೋಲ್ಡನ್’ ಮೊದಲಾದ ಅಲ್ಪಶೈತ್ಯದ ತಳಿಗಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ನಮ್ಮೂರಿನಲ್ಲಿ ಅಂಥ ಗಂಟೆ ವರ್ಷಕ್ಕೆ ಒಂದೂ ಇಲ್ಲ.

ಕಜ್ಜಿ ರೋಗ ತಂಪು ವಸಂತದ ರೋಗ. ನಮ್ಮೂರಿನ ಉರಿಗೆ ಅದು ತಾನಾಗಿಯೇ ಬರಲಾರದು. ಬಾರದ ಕಳ್ಳನಿಗೆ ಕಾವಲು ಇಟ್ಟು, ಬರುವ ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ ಆಗುತ್ತದೆ ನಮ್ಮ ಸ್ಥಿತಿ. ಇಲ್ಲಿ ಬರುವ ಶತ್ರುಗಳು ಬೇರೆ: ನಿಂತ ನೀರಿನಲ್ಲಿ ಬುಡವನ್ನು ಕೊಳೆಸುವ ಶಿಲೀಂಧ್ರಗಳು, ಎಡೆಬಿಡದ ತೇವದಲ್ಲಿ ಎಲೆಗೆ ಚುಕ್ಕೆಯಿಟ್ಟು ಉದುರಿಸುವ ರೋಗಗಳು, ಕಾಂಡ ಕೊರೆಯುವ ಹುಳು. ಇನ್ನೂ ಒಂದು ಸಂಗತಿ. ಈ ತಳಿಯ ಹಣ್ಣು ಬಲಿಯುವುದು ಜೂನ್ ತಿಂಗಳಲ್ಲಿ. ಉತ್ತರದ ಬೆಳೆಗಾರನಿಗೆ ಅದು ವರದಾನ. ಬೇರೆ ಸೇಬು ಪೇಟೆಗೆ ಬರುವ ಮೊದಲೇ ಅವನ ಹಣ್ಣು ಮಾರಾಟವಾಗುತ್ತದೆ. ನಮಗೆ ಅದು ಮೃಗಶಿರೆ, ಆರ್ದ್ರೆಯ ಮಳೆ ಹೊಡೆಯುವ ಕಾಲ. ಹಣ್ಣು ಬಣ್ಣಕ್ಕೆ ಬರುವ ಹೊತ್ತಿಗೂ ಆಕಾಶ ಕಳಚಿ ಬೀಳುವ ಹೊತ್ತಿಗೂ ಸರಿಹೋಗುತ್ತದೆ. ಒಂದೇ ಗುಣ ಒಂದು ನಾಡಿನಲ್ಲಿ ಭೂಷಣ, ಇನ್ನೊಂದರಲ್ಲಿ ದೂಷಣ.

ಹಾಗೆಂದು ಕರಾವಳಿಯಲ್ಲಿ ಸೇಬು ಕಾಯಿ ಬಿಡಲಾರದೆಂದು ನಾನು ಶಪಥ ಮಾಡುವುದಿಲ್ಲ. ಎಲ್ಲಿಯೋ ಒಂದು ಗಿಡ ನಾಲ್ಕು ಕಾಯಿ ಬಿಟ್ಟೀತು. ಅದರ ಭಾವಚಿತ್ರವೂ ಎಲ್ಲೆಡೆ ಹರಡೀತು. ನಾಲ್ಕು ಕಾಯಿ ಬಿಟ್ಟ ಗಿಡದ ಚಿತ್ರ ನಮಗೆ ತಲುಪುತ್ತದೆ, ಸತ್ತ ನೂರು ಗಿಡಗಳ ಚಿತ್ರ ಯಾರೂ ತೆಗೆಯುವುದಿಲ್ಲ. ಚಿಕ್ಕಮಗಳೂರು, ಕೊಡಗುಗಳ ಎತ್ತರದ ನೆಲದಲ್ಲಿ ಮನೆ ಮಾಡಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ನಾಲ್ಕು ಸಸಿ ನೆಟ್ಟು ನೋಡುವುದು ಯೋಗ್ಯವೇ ಸರಿ. ನನ್ನ ಆಕ್ಷೇಪವಿರುವುದು ಒಂದೇ ಸಸಿಯನ್ನು ಎಲ್ಲ ಊರಿಗೂ, ಎಲ್ಲ ಮನೆಗೂ ಹಂಚುವ ಯೋಜನೆಗೆ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು: ‘ಪಂಡಿತರೇ, ಹೊಸದೆಂದರೆ ನಿಮಗೆ ಅಂಜಿಕೆ. ಹಿಮಾಚಲಕ್ಕೂ ಸೇಬು ಹೊರಗಿನದೇ ಅಲ್ಲವೇ?’ ಪ್ರಶ್ನೆ ನ್ಯಾಯವಾದುದು. ಕೋಟಗಢದಲ್ಲಿ ನೆಲೆಸಿ ಸತ್ಯಾನಂದ ಎಂದು ಹೆಸರಾದ ಅಮೆರಿಕದ ಸ್ಟೋಕ್ಸ್ ಮಹಾಶಯರು ೧೯೧೬ರಲ್ಲಿ ತಮ್ಮ ದೇಶದ ‘ರೆಡ್ ಡೆಲಿಷಿಯಸ್’ ಸಸಿಗಳನ್ನು ನೆಟ್ಟುದರಿಂದ ಆ ಬೆಟ್ಟದ ನಾಡಿನ ಬಡತನವೇ ಕರಗಿತು. ನಮ್ಮ ಕರಾವಳಿಯ ಗೇರು, ಅನಾನಸು, ಪಪ್ಪಾಯಿ, ಮೆಣಸಿನಕಾಯಿಗಳೆಲ್ಲ ಕಡಲು ದಾಟಿ ಬಂದವು. ನಾನು ಪಾಠ ಹೇಳಿದ ಕಾವ್ಯಗಳ ವನವರ್ಣನೆಗಳಲ್ಲಿ ಮಾವು, ಹಲಸು, ಬಾಳೆ, ನೇರಳೆ, ದಾಳಿಂಬೆಗಳಿವೆ. ಗೇರೂ ಇಲ್ಲ, ಸೇಬೂ ಇಲ್ಲ. ಗೇರಿಲ್ಲದ ಕರಾವಳಿಯನ್ನು ಇಂದು ಯಾರು ಊಹಿಸಬಲ್ಲರು? ಆದುದರಿಂದ ಪರದೇಶದ್ದೆಂಬ ಕಾರಣಕ್ಕೆ ಗಿಡವೊಂದನ್ನು ದೂರವಿಡುವವನು ನಾನಲ್ಲ. ಸ್ಟೋಕ್ಸರು ತಂದ ಗಿಡಕ್ಕೆ ಬೇಕಾದ ಚಳಿ ಕೋಟಗಢದಲ್ಲಿ ಮೊದಲೇ ಇತ್ತು. ಗೇರಿಗೆ ಬೇಕಾದ ಬಿಸಿಲು, ಮರಳು, ಜಂಬಿಟ್ಟಿಗೆ ಇಲ್ಲಿ ಮೊದಲೇ ಇದ್ದವು. ಅತಿಥಿಗೆ ಊಟವಿರುವ ಮನೆಗೆ ಅತಿಥಿ ಬಂದ. ಊಟವಿಲ್ಲದ ಮನೆಗೆ ಅತಿಥಿಯನ್ನು ಕರೆಯುವುದು ಅತಿಥಿಗೂ ಅನ್ಯಾಯ.

ಇನ್ನು ನಮ್ಮ ಹಿತ್ತಿಲಿನ ಕಡೆಗೆ ನೋಡೋಣ. ನಿರೋಧಕ ತಳಿಯ ಅಗತ್ಯ ನಿಜವಾಗಿ ಇರುವುದು ಇಲ್ಲಿ. ನಂಜನಗೂಡಿನ ರಸಬಾಳೆಯ ಗತಿ ಕನ್ನಡಿಗರಿಗೆ ಗೊತ್ತಿರುವುದೇ. ರುಚಿಯಲ್ಲಿ ಎಣೆಯಿಲ್ಲದ ಆ ಬಾಳೆ ಪನಾಮಾ ಸೊರಗು ರೋಗಕ್ಕೆ ತುತ್ತಾಗಿ ತನ್ನ ಸ್ವಂತ ಸೀಮೆಯಲ್ಲಿಯೇ ಅಪರೂಪವಾಯಿತು. ಇದೇ ರೋಗ ಜಗತ್ತಿನ ಪೇಟೆಯನ್ನೆಲ್ಲ ಆಳುತ್ತಿದ್ದ ‘ಗ್ರೋ ಮಿಶೆಲ್’ ಬಾಳೆಯನ್ನು ಕಳೆದ ಶತಮಾನದ ಮಧ್ಯದಲ್ಲಿ ಪದಚ್ಯುತಗೊಳಿಸಿತು. ಅದರ ಸ್ಥಾನಕ್ಕೆ ನಿರೋಧಕವೆಂದು ತಂದ ‘ಕ್ಯಾವೆಂಡಿಷ್’ ಬಾಳೆಗೆ ಈಗ ಅದೇ ರೋಗದ ಹೊಸ ಪಂಗಡ ಗಂಟುಬಿದ್ದಿದೆ; ಭಾರತದಲ್ಲಿಯೂ ಬಿಹಾರ, ಉತ್ತರ ಪ್ರದೇಶಗಳಲ್ಲಿ ಅದು ಕಾಣಿಸಿಕೊಂಡಿದೆ. ಅಡಕೆಗೆ ಕೊಳೆರೋಗವಿದೆ, ಹಳದಿ ಎಲೆ ರೋಗವಿದೆ, ಈಚೆಗೆ ಎಲೆಚುಕ್ಕೆಯ ಕಾಟವೂ ಹೆಚ್ಚಿದೆ. ಕಾಳುಮೆಣಸಿನ ಬಳ್ಳಿ ಒಂದು ಮಳೆಗಾಲ ಮುಗಿಯುವುದರೊಳಗೆ ಸೊರಗಿ ಸಾಯುತ್ತದೆ. ಬದನೆಯ ಗಿಡ ಬೆಳಗ್ಗೆ ನಳನಳಿಸುತ್ತಿದ್ದುದು ಸಂಜೆಗೆ ಬಾಡುತ್ತದೆ. ಹೀಗೆ ನಮ್ಮ ಸ್ವಂತ ರೋಗಿಗಳು ಮನೆತುಂಬ ಇರುವಾಗ, ಇಲ್ಲಿಗೆ ಬಾರದ ರೋಗವನ್ನು ತಡೆಯುವ ಗಿಡವನ್ನು ದೂರದಿಂದ ತರಿಸುವುದು ವಿವೇಕವೆನಿಸದು.

ನಮ್ಮ ನಾಡಿನವರು ಈ ರೋಗಗಳ ಎದುರು ಕೈಕಟ್ಟಿ ಕುಳಿತಿರಲಿಲ್ಲ. ಪಶ್ಚಿಮ ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನು ೧೦೨೫ರಲ್ಲಿ ರಚಿಸಿದ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಸಾವಿರ ವರ್ಷಗಳ ಹಿಂದೆ ಕನ್ನಡದಲ್ಲಿ ಗಿಡದ ಆರೋಗ್ಯ ಶಾಸ್ತ್ರವಿಷಯವಾಗಿತ್ತೆಂಬುದು ನಮಗೆ ಅಭಿಮಾನದ ಸಂಗತಿ. ಅಡಕೆಗೊನೆಗೆ ಮಳೆಗಾಲಕ್ಕೆ ಮುನ್ನ ಕೊಟ್ಟೆ ಕಟ್ಟಿ ನೀರು ತಾಗದಂತೆ ಮಾಡುತ್ತಿದ್ದ ನಮ್ಮ ಹಿರಿಯರು, ರೋಗಾಣುವಿನ ಹೆಸರು ತಿಳಿಯದೆಯೂ ಅದರ ಸ್ವಭಾವವನ್ನು ತಿಳಿದಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಸಾಹೇಬರು ಕೊಳೆರೋಗದ ಶಿಲೀಂಧ್ರವನ್ನು ಅಭ್ಯಾಸ ಮಾಡಿ ೧೯೧೦ರಲ್ಲಿ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಶೇಕಡಾ ಒಂದರ ಆ ದ್ರಾವಣ ಇಂದಿಗೂ ಅಡಕೆ ಬೆಳೆಗಾರನ ಕೈಬಿಟ್ಟಿಲ್ಲ.

ಕಸಿಯ ವಿದ್ಯೆಯಿಂದಲೂ ನಿರೋಧವನ್ನು ಪಡೆಯಬಹುದು. ಕಾಳುಮೆಣಸಿನ ಕುಡಿಯನ್ನು ಬ್ರೆಜಿಲ್ ಮೂಲದ ಹಿಪ್ಪಲಿಯ ಬೇರಿನ ಮೇಲೆ ಕಸಿ ಮಾಡಿದರೆ, ಬುಡ ಕೊಳೆಯುವ ರೋಗ ಆ ಬೇರಿಗೆ ತಾಗುವುದಿಲ್ಲ. ಮಲೆನಾಡಿನ, ಕರಾವಳಿಯ ಅನೇಕ ತೋಟಗಳಲ್ಲಿ ಈಗ ಇದು ರೂಢಿಯಲ್ಲಿದೆ. ಅಲ್ಲಿಯೂ ಒಂದು ಕಟ್ಟಿದೆ: ಆ ಹಿಪ್ಪಲಿಗೆ ತೇವ ಬೇಕು, ಬೇಸಗೆಯಲ್ಲಿ ನೀರು ತಪ್ಪಿದರೆ ಬಾಳದು. ಬದನೆಯನ್ನು ಕಾಡು ಸುಂಡೆಯ ಬೇರಿನ ಮೇಲೆ ಕಸಿ ಮಾಡಿ ಸೊರಗು ರೋಗದಿಂದ ಉಳಿಸಿಕೊಳ್ಳುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಸೇಬಿಗೆ ನಿರೋಧ ಕೊಟ್ಟದ್ದು ಗೋಲಿಗಾತ್ರದ ಕಾಯಿಯ ಫ್ಲೋರಿಬಂಡಾ; ಮೆಣಸಿಗೆ ಕೊಟ್ಟದ್ದು ಅದರಷ್ಟು ಬೆಲೆಯಿಲ್ಲದ ಹಿಪ್ಪಲಿ; ಬದನೆಗೆ ಕೊಟ್ಟದ್ದು ಬೇಲಿಬದಿಯ ಸುಂಡೆ. ನಾವು ಕಡಿದೆಸೆಯುವ, ಹೆಸರೂ ಹಿಡಿಯದ ಗಿಡಗಳಲ್ಲಿಯೇ ನಮ್ಮ ಮುದ್ದಿನ ಗಿಡಗಳ ಪ್ರಾಣರಕ್ಷೆ ಅಡಗಿದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಮ್ಮವರು ಅಲಕ್ಷ್ಯದ ದೋಷವನ್ನು ಎತ್ತಿ ತೋರಿಸಲು ಹುಟ್ಟಿಸಿದರು. ಕಾಲಕ್ರಮದಲ್ಲಿ ಆ ಅಲಕ್ಷ್ಯವೇ ನಮ್ಮ ನೀತಿಯಾದಂತೆ ಕಾಣುತ್ತದೆ.

ಈ ಅಲಕ್ಷ್ಯದ ಪರಿಣಾಮ ಇಂದು ಕಣ್ಣಿಗೆ ಕಾಣುತ್ತಿದೆ. ನಮ್ಮ ಕಡೆಯ ಹಳೆಯ ಮನೆಗಳ ಹಿತ್ತಿಲಿನಲ್ಲಿ ಬೀಜದಿಂದ ಬೆಳೆದ ಮಾವು, ಹಲಸು, ಹೆಬ್ಬಲಸು, ಜೀಗುಜ್ಜೆ, ಅಮಟೆ, ಬಿಂಬುಳಿ, ಮುರುಗಲು, ಪನ್ನೇರಳೆಗಳು ಇದ್ದವು. ಬೀಜದಿಂದ ಹುಟ್ಟಿದ ಮಾವಿನ ಮರ ಒಂದೊಂದೂ ಒಂದೊಂದು ತಳಿಯೇ. ಹುಳಿಯೊಂದರದು, ನಾರೊಂದರದು, ಉಪ್ಪಿನಕಾಯಿಗೆ ಬರುವುದು ಇನ್ನೊಂದರದು. ಮನೆಯವರು ಬೆಂಗಳೂರು, ಮುಂಬಯಿ ಸೇರಿದ ಮೇಲೆ ಮನೆಗೆ ಬೀಗ ಬೀಳುತ್ತದೆ, ಜಾಗ ಭಾಗವಾಗುತ್ತದೆ, ಮರ ಮರದಂಗಡಿಗೆ ಹೋಗುತ್ತದೆ. ಬೂದಿರೋಗ ಬಂದ ವರ್ಷವೂ ಹೂ ಕರಗದೆ ಕಾಯಿ ಕಚ್ಚುತ್ತಿದ್ದ ಮಾವಿನ ಮರವೊಂದು ಹೀಗೆ ಹೋದರೆ, ಅದರೊಡನೆ ಹೋದುದೇನೆಂಬುದು ಕೊಯ್ದವನಿಗೂ ತಿಳಿಯದು, ಮಾರಿದವನಿಗೂ ತಿಳಿಯದು. ಫ್ಲೋರಿಬಂಡಾದ ೮೨೧ನೆಯ ಮರವನ್ನು ಯಾರಾದರೂ ನಿಷ್ಪ್ರಯೋಜಕವೆಂದು ಕಡಿದಿದ್ದರೆ ಜಗತ್ತಿನ ಸೇಬಿನ ಚರಿತ್ರೆ ಬೇರೆಯಾಗುತ್ತಿತ್ತು. ನಮ್ಮ ಮರಗಳಿಗೆ ಆ ಸಂಖ್ಯೆಯೂ ಇಲ್ಲ. ಅಜ್ಜಿಯರ ಬಾಯಿಯಲ್ಲಿ ಒಂದು ಹೆಸರಿತ್ತು, ಅಜ್ಜಿಯರೊಡನೆ ಅದೂ ಹೋಯಿತು.

ಹರಿಮನ್ ಶರ್ಮರಿಂದ ನಾವು ಕಲಿಯಬೇಕಾದ ಪಾಠ ಯಾವುದೆಂಬುದು ಈಗ ಸ್ಪಷ್ಟವಾಗುತ್ತದೆ. ಅವರು ಬೇರೆ ಊರಿನ ಪ್ರಸಿದ್ಧ ಸಸಿಯನ್ನು ತರಿಸಿ ನೆಟ್ಟು ದೊಡ್ಡವರಾದವರಲ್ಲ. ತಮ್ಮ ಮನೆಯ ಬಳಿ, ತಮ್ಮ ಹವೆಯಲ್ಲಿ, ತಾನಾಗಿ ಹುಟ್ಟಿ ಬದುಕಿದ ಒಂದು ಗಿಡವನ್ನು ಗುರುತಿಸಿದವರು. ಅವರ ಸಸಿಯನ್ನು ತರಿಸುವುದು ಸುಲಭ. ಅವರ ಕಣ್ಣನ್ನು ನಮ್ಮ ಮಕ್ಕಳಿಗೆ ಬರಿಸುವುದು ಕಷ್ಟ. ವಿದ್ಯಾಲಯವೊಂದು ಸುಲಭವಾದುದನ್ನು ಬಿಟ್ಟು ಕಷ್ಟವಾದುದನ್ನು ಕೈಗೊಳ್ಳುವುದೇ ಶೋಭೆ.

ಆದುದರಿಂದ ದಾನಿಗಳ ಸನ್ನಿಧಿಯಲ್ಲಿ ನನ್ನ ನಿವೇದನೆ ಹೀಗಿದೆ. ಸ್ಮಾರಕನಿಧಿಯ ಒಂದು ಸಣ್ಣ ಭಾಗದಿಂದ ಸೇಬಿನ ಕೆಲವೇ ಸಸಿಗಳನ್ನು ತರಿಸಿ, ಎತ್ತರದ ಊರು, ಬಯಲುಸೀಮೆ, ಕರಾವಳಿ ಎಂಬ ಮೂರು ಕಡೆ ಎರಡೆರಡರಂತೆ ಪ್ರಯೋಗಕ್ಕಾಗಿ ನೆಡೋಣ. ಕರಾವಳಿಯಲ್ಲಿ ನೆಡುವವರು ಗುಂಡಿಯಲ್ಲಿ ನೆಡದೆ ಎತ್ತರದ ದಿಬ್ಬದ ಮೇಲೆ ನೆಡಲಿ. ಬುಡದಲ್ಲಿ ನೀರು ನಿಲ್ಲದಿರಲಿ. ಮಳೆಗಾಲಕ್ಕೆ ಮುಂಚೆ ಕಾಂಡಕ್ಕೆ ಬೋರ್ಡೋ ಮುಲಾಮು ಹಚ್ಚಲಿ. ಕಸಿಯ ಗಂಟು ಮಣ್ಣಿನಲ್ಲಿ ಹುದುಗದಿರಲಿ. ಚಿಗುರಿದ ದಿನ, ಹೂ ಬಿಟ್ಟ ದಿನ, ಎಲೆ ಉದುರಿದ ದಿನ, ತಗುಲಿದ ರೋಗ, ಇವೆಲ್ಲವನ್ನೂ ವಿದ್ಯಾರ್ಥಿಗಳು ಪುಸ್ತಕದಲ್ಲಿ ಬರೆದಿಡಲಿ. ಗಿಡ ಸತ್ತರೆ ಸತ್ತ ದಿನವನ್ನೂ ಬರೆಯಲಿ. ಐದು ವರ್ಷಗಳ ಆ ಪುಸ್ತಕ, ಸೇಬು ಬಿಟ್ಟರೂ ಬಿಡದಿದ್ದರೂ, ಬೆಲೆಯುಳ್ಳದ್ದಾಗುತ್ತದೆ.

ನಿಧಿಯ ಉಳಿದ ದೊಡ್ಡ ಭಾಗ ನಮ್ಮ ತಾಯಿಮರಗಳಿಗೆ ಸಲ್ಲಲಿ. ಹಳೆಯ ವಿದ್ಯಾರ್ಥಿಗಳೊಬ್ಬೊಬ್ಬರೂ ತಮ್ಮ ಊರಿನಲ್ಲಿ, ನೆರೆಯ ಮರಗಳು ರೋಗಕ್ಕೆ ಸಿಕ್ಕ ಮೂರು ವರ್ಷಗಳಲ್ಲಿಯೂ ಆರೋಗ್ಯದಿಂದಿದ್ದ ಒಂದು ಹಣ್ಣಿನ ಮರವನ್ನು ಗುರುತಿಸಿ ತಿಳಿಸಲಿ. ಆ ಮರದ ಕುಡಿಯನ್ನು ತಂದು ಮೃದುಕಾಂಡ ಕಸಿಯಿಂದ ವಿದ್ಯಾಲಯದ ತೋಟದಲ್ಲಿ ಬೆಳೆಸೋಣ. ಪಕ್ಕದಲ್ಲಿಯೇ ಸಾಮಾನ್ಯ ತಳಿಯ ಗಿಡವೊಂದನ್ನೂ ನೆಡೋಣ. ಇದು ಅವಶ್ಯ. ಮೂಲದ ಮರ ಆರೋಗ್ಯದಿಂದಿದ್ದುದು ಅದರ ಗುಣದಿಂದಲೋ, ಬಿಸಿಲು ಗಾಳಿ ಚೆನ್ನಾಗಿದ್ದ ಜಾಗದ ಬಲದಿಂದಲೋ ಎಂಬುದು ಹೀಗೆ ಒಂದೇ ನೆಲದಲ್ಲಿ ಜೊತೆಯಾಗಿ ಬೆಳೆಸಿದಾಗಲೇ ತಿಳಿಯುತ್ತದೆ. ನಿರೋಧವೋ, ಸಹನೆಯೋ, ತಪ್ಪಿಸಿಕೊಳ್ಳುವಿಕೆಯೋ ಎಂಬ ಮೊದಲಿನ ಪ್ರಶ್ನೆಗೆ ಉತ್ತರ ನಿಘಂಟಿನಲ್ಲಿಲ್ಲ, ಪಾತಿಯಲ್ಲಿದೆ. ನಮ್ಮ ಕಡೆಯ ಗಿಡಗಳ ಮಟ್ಟಿಗೆ ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದವರ ಸಲಹೆ ಕೇಳಬಹುದು. ಎಂಟನೆಯ ತರಗತಿಯಿಂದ ಮೇಲಿನ ಪ್ರತಿ ವಿದ್ಯಾರ್ಥಿಗೂ ಕಸಿ ಕಟ್ಟುವುದನ್ನು ಕಲಿಸೋಣ. ಶಾಲೆ ಬಿಡುವಾಗ ತಾನೇ ಕಟ್ಟಿದ ಒಂದು ಕಸಿಗಿಡವನ್ನು, ಅದು ಯಾವ ಊರಿನ 어느 ಮರದ ಸಂತಾನವೆಂಬ ಚೀಟಿಯೊಡನೆ, ಮನೆಗೆ ಒಯ್ಯಲಿ.

ಸಸಿಯನ್ನು ಕೊಂಡು ಹಂಚುವ ಕೆಲಸ ಒಂದು ದಿನದ ಸಮಾರಂಭದಲ್ಲಿ ಮುಗಿಯುತ್ತದೆ. ಭಾವಚಿತ್ರವೂ ಚೆನ್ನಾಗಿ ಬರುತ್ತದೆ. ನಾನು ಬೇಡುತ್ತಿರುವ ಕೆಲಸಕ್ಕೆ ಹತ್ತು ಹದಿನೈದು ವರ್ಷ ಬೇಕು, ಭಾವಚಿತ್ರಕ್ಕೆ ಅಲ್ಲಿ ಅವಕಾಶ ಕಡಿಮೆ. ಆದರೆ ಕ್ರ್ಯಾಂಡಲ್ ಮಹಾಶಯರ ಸಂಕರಕ್ಕೆ ಫಲ ಬರಲು ಐವತ್ತಾರು ವರ್ಷ ಹಿಡಿಯಿತು. ವಿದ್ಯಾಸಂಸ್ಥೆಗಳು ಕಾಯಬಲ್ಲವು, ವ್ಯಕ್ತಿಗಳು ಕಾಯಲಾರರು. ಅದಕ್ಕಾಗಿಯೇ ಸಂಸ್ಥೆಗಳನ್ನು ಕಟ್ಟುತ್ತಾರೆ, ಅದಕ್ಕಾಗಿಯೇ ದಾನಿಗಳು ಅವಕ್ಕೆ ಕೊಡುತ್ತಾರೆ. ತಾವು ಹಣ್ಣು ತಿನ್ನದ ಮರವನ್ನು ನೆಟ್ಟವರ ನೆರಳಿನಲ್ಲಿ ನಾವೆಲ್ಲ ಓದಿದ್ದೇವೆ. ಮುಂದಿನವರಿಗೂ ಅಂಥ ನೆರಳು ಇರಲಿ. ಅದು ಈ ನೆಲದ್ದೇ ಆಗಿರಲಿ.